ಗಾಡಿ ಎಸಿ ಕಂಡೆನ್ಸರ್ ನಾನೇ ಹಾಕ್ತೀನಿ ಅಂತ ಹೊರಡೋ ಮುಂಚೆ ಇದೊಂದ್ಸಲ ಓದಿ

ಹಳೇ ಟಿಟಿ (ಟೆಂಪೋ ಟ್ರಾವೆಲರ್) ಒಂದನ್ನ ತಗೊಂಡು ಸೀಟೆಲ್ಲ ಕಿತ್ತಾಕಿ ಮಂಚ, ಒಲೆ, ಸಿಂಕು ಹಾಕ್ಸಿ ಕ್ಯಾಂಪರ್ ಮಾಡ್ಕೊಂಡಿದೀನಿ, ನಮ್ಮನೆಯವಳು ಅದನ್ನ ನನ್ನ ಎರಡನೇ ಸಂಸಾರ ಅಂತಾಳೆ. ಫೆಬ್ರವರಿ ಕೊನೇಲಿ ಅದರ ಎಸಿ ಬರೀ ಬಿಸಿಗಾಳಿ ಬಿಡಕ್ಕೆ ಶುರು ಮಾಡ್ತು. ಗ್ರಿಲ್ ತೆಗೆದು ನೋಡಿದ್ರೆ ರೇಡಿಯೇಟರ್ ಮುಂದಿರೋ ಕಂಡೆನ್ಸರ್ (ಎಸಿ ಗ್ಯಾಸಿನ ಬಿಸಿ ಹೊರಗೆ ಬಿಡೋ ಜಾಲರಿ) ಮೂಲೇಲಿ ಎಣ್ಣೆ ಜಿಡ್ಡು, ಅದಕ್ಕೆ ಧೂಳು ಮೆತ್ಕೊಂಡಿದೆ, ಕಲ್ಲು ಹೊಡೆದು ಸಣ್ಣ ತೂತಾಗಿತ್ತು.

ಮೆಕ್ಯಾನಿಕ್ ಎಲ್ಲಾ ಸೇರಿ 12,000 ಅಂದ. ನಾಲ್ಕು ಬೋಲ್ಟು ಎರಡು ಪೈಪು, ಅದಕ್ಕೆ 12,000ನಾ ಅನ್ಕೊಂಡು ಸೀದಾ ಬೆಂಗಳೂರಲ್ಲಿ ಗಾಡಿ ಪಾರ್ಟ್ಸ್ ಸಿಗೋ ಜೆಸಿ ರೋಡಿಗೆ ಹೋಗಿ 5,800ಕ್ಕೆ ಕಂಡೆನ್ಸರ್ ತಂದೆ. ಅಂಗಡಿಯವರು "ಸಾರ್, ಡ್ರೈಯರು, ಓ-ರಿಂಗು ಹೊಸದೇ ಹಾಕಿ, ಸ್ವಲ್ಪ ಎಣ್ಣೆನೂ ಬೇಕಾಗತ್ತೆ" ಅಂದ್ರು. ಡ್ರೈಯರ್ ಅಂದ್ರೆ ಎಸಿ ಲೈನೊಳಗಿನ ನೀರಿನ ಪಸೆ ಹೀರ್ಕೊಳ್ಳೋ ಡಬ್ಬಿ, ಓ-ರಿಂಗ್ ಅಂದ್ರೆ ಪೈಪ್ ಸೇರೋ ಕಡೆ ಹಾಕೋ ರಬ್ಬರ್ ಬಳೆ. ವ್ಯಾಪಾರಕ್ಕೆ ಹೇಳ್ತಿದಾರೆ ಅಂತ ಓ-ರಿಂಗ್ ಮಾತ್ರ ತಗೊಂಡೆ.

ಗ್ಯಾಸೆಲ್ಲ ಲೀಕಾಗಿ ಹೋಗಿರತ್ತೆ ಅಂತ ಪೈಪ್ ನಟ್ ಸಡಿಲ ಮಾಡಿದ್ರೆ ಇನ್ನೂ ಒಳಗೆ ಇತ್ತು, ಬುಸ್ ಅಂತ ಎಡಗೈ ಮೇಲೆ ಬಂತು. ಎಸಿಯೊಳಗಿರೋ ಈ 134ಎ ಗ್ಯಾಸು ಮೈನಸ್ 26 ಡಿಗ್ರೀಲೇ ಕುದಿಯತ್ತೆ, ಚರ್ಮಕ್ಕೆ ತಾಕಿದ್ರೆ ಬೆಂಕಿ ಸುಟ್ಟ ಹಾಗೇ ಬೊಬ್ಬೆ. ಓದೋ ಕನ್ನಡಕ ಹಾಕ್ಕೊಂಡಿದ್ದಕ್ಕೆ ಕಣ್ಣು ಉಳೀತು. ಅದನ್ನ ರಿಕವರಿ ಮಷೀನಲ್ಲಿ ಎಳ್ಕೋಬೇಕಂತೆ, ಗಾಳಿಗೆ ಬಿಟ್ರೆ ಭೂಮಿ ಬಿಸಿ ಮಾಡೋದ್ರಲ್ಲಿ ಇಂಗಾಲದ ಡೈ ಆಕ್ಸೈಡ್‌ಗಿಂತ 1,000 ಪಟ್ಟಿಗೂ ಹೆಚ್ಚು. ಗ್ಯಾಸ್ ಜೊತೆ ಕಂಪ್ರೆಸರ್ (ಗ್ಯಾಸನ್ನ ಒತ್ತಿ ಓಡ್ಸೋ ಪಂಪು) ಎಣ್ಣೆನೂ ಹೊರಗೆ ಬಂದಿತ್ತು, ನಾನು ಎಷ್ಟು ಬಂತು ಅಂತ ನೋಡ್ದೆ ಬಟ್ಟೇಲಿ ಒರೆಸಿ ಬಿಸಾಕ್ದೆ.

ಕಂಡೆನ್ಸರ್ ಕೂರ್ಸೋದು ಎರಡೇ ಗಂಟೇಲಿ ಮುಗೀತು. ಪೈಪು ಅಲ್ಯೂಮಿನಿಯಂ, ಒಂದೇ ಸ್ಪ್ಯಾನರಲ್ಲಿ ತಿರುಗಿಸಿದ್ರೆ ನಟ್ ಜೊತೆ ಪೈಪೇ ತಿರುಚ್ಕೊಳತ್ತೆ, ಎರಡು ಸ್ಪ್ಯಾನರ್ ಬೇಕು, ಅಷ್ಟು ಬುದ್ಧಿ ನಂಗಿತ್ತು. ಆ ಎರಡು ಗಂಟೆನೇ ನನ್ನ ತಲೆ ಕೆಡ್ಸಿದ್ದು, ನಾನೂ ಎಸಿ ಮೆಕ್ಯಾನಿಕ್ಕೇ ಅನ್ನಿಸ್ಬಿಡ್ತು.

ಆಮೇಲೆ ಫ್ರಿಜ್ ರಿಪೇರಿ ಮಾಡೋ ಪರಿಚಯದವರ ಹತ್ರ ಪಂಪು, ಮೀಟರು ಇಸ್ಕೊಂಡು ಬಂದು ವ್ಯಾಕ್ಯೂಮ್ ಹಾಕ್ದೆ, ಅಂದ್ರೆ ಲೈನೊಳಗಿನ ಗಾಳಿ, ಪಸೆ ಎಲ್ಲ ಹೊರಗೆ ಎಳೆಯೋದು. ನೋಡಿದ ವಿಡಿಯೋ ಎಲ್ಲದ್ರಲ್ಲೂ ಮೀಟರ್ ಮುಳ್ಳು 29 ಇಂಚಿಗೆ (ಪಾದರಸದ ಲೆಕ್ಕದಲ್ಲಿ) ಹೋಗ್ಬೇಕು ಅಂತಿದ್ರು. ನಂದು 27ರ ಹತ್ರ ನಿಂತ್ಕೊಂಡು ಅಲ್ಲಾಡ್ತಾನೇ ಇಲ್ಲ. ಲೀಕು ಅಂತ ತೀರ್ಮಾನ ಮಾಡ್ಬಿಟ್ಟೆ. ಅಸಲಿಗೆ ನಮ್ಮ ಬೆಂಗಳೂರು ಇರೋದೇ ಸಮುದ್ರ ಮಟ್ಟದಿಂದ 900 ಮೀಟರ್ ಮೇಲೆ, ಇಲ್ಲಿ ಗಾಳಿ ಒತ್ತಡ ಕಮ್ಮಿ, ಪೂರ್ತಿ ವ್ಯಾಕ್ಯೂಮ್ ಆದ್ರೂ ಮುಳ್ಳು 27ರ ಹತ್ರನೇ ನಿಲ್ಲೋದು. 29 ಬೇಕು ಅಂದ್ರೆ ಗಾಡಿ ತಳ್ಕೊಂಡು ಚೆನ್ನೈಗೆ ಹೋಗ್ಬೇಕು. ಪಂಪ್ ಆಫ್ ಮಾಡಿ ವಾಲ್ವ್ ಮುಚ್ಚಿದ್ಮೇಲೆ ಅರ್ಧ ಗಂಟೆ ಮುಳ್ಳು ಅಲ್ಲೇ ನಿಲ್ಲತ್ತಾ ಅಂತ ನೋಡ್ಬೇಕಿತ್ತು, ಅಷ್ಟೇ.

ನಾನೇನು ಮಾಡ್ದೆ ಗೊತ್ತಾ, ಪಕ್ಕದ ಪಂಚರ್ ಅಂಗಡಿಯಿಂದ ಪೈಪ್ ಎಳೆದು ಎಸಿ ಲೈನಿಗೆ ಗಾಳಿ ತುಂಬಿ ಸೋಪ್ ನೀರು ಹಚ್ಚಿ ಗುಳ್ಳೆ ಹುಡುಕ್ದೆ. ಒಂದೂ ಬರ್ಲಿಲ್ಲ, ಲೀಕ್ ಇದ್ರೆ ತಾನೇ. ಆ ಟ್ಯಾಂಕಿನ ಗಾಳಿ ತುಂಬ ನೀರಿನ ಪಸೆ, ಲೀಕ್ ನೋಡಕ್ಕೆ ಒಣ ನೈಟ್ರೋಜನ್ ತುಂಬ್ತಾರೆ ಅಂತ ಆಮೇಲೆ ತಿಳೀತು. ಹಳೇ ಡ್ರೈಯರ್ ಅಷ್ಟೊತ್ತಿಗೆ ನೀರು ಕುಡಿದು ಕೂತಿತ್ತು. ಆಮೇಲಾದ್ರೂ ಪಂಪನ್ನ ಗಂಟೆಗಟ್ಲೆ ಓಡ್ಸಿದ್ರೆ ಆ ನೀರು ವ್ಯಾಕ್ಯೂಮಲ್ಲಿ ರೂಮ್ ಟೆಂಪರೇಚರಲ್ಲೇ ಕುದ್ದು ಆವಿಯಾಗಿ ಬರ್ತಿತ್ತೇನೋ, ಆದ್ರೆ ಪಂಪ್ ವಾಪಸ್ ಕೊಡೋ ಟೈಮಾಗಿತ್ತು, ಹತ್ತೇ ನಿಮಿಷ ಓಡ್ಸಿ ಗ್ಯಾಸ್ ತುಂಬ್ದೆ. ಐಸ್ ತರ ಕೂಲಿಂಗ್. ಊರೆಲ್ಲ ಹೇಳ್ಕೊಂಡ್ ಓಡಾಡ್ದೆ.

ಮಾರ್ಚಲ್ಲಿ ಹಂಪಿಗೆ ಹೊರಟ್ವಿ. ತುಮಕೂರು ದಾಟಿದ ಮೇಲೆ ಇಪ್ಪತ್ತು ನಿಮಿಷ ತಂಪು, ಆಮೇಲೆ ಬಿಸಿಗಾಳಿ, ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ತಂಪು. ಒಳಗಿನ ನೀರು ಎಕ್ಸ್‌ಪ್ಯಾನ್ಶನ್ ವಾಲ್ವಲ್ಲಿ (ಗ್ಯಾಸ್ ಸಣ್ಣ ತೂತಿಂದ ನುಗ್ಗಿ ತಣ್ಣಗಾಗೋ ಜಾಗ) ಮಂಜುಗಡ್ಡೆ ಕಟ್ಟಿ ದಾರಿ ಮುಚ್ತಿತ್ತು, ಕರಗಿದಾಗ ಬಿಡ್ತಿತ್ತು. ನಾನು ವೈರಿಂಗ್ ಪ್ರಾಬ್ಲಮ್ ಅಂತ ಓಡ್ಸ್ತಾನೇ ಹೋದೆ. ಹಿರಿಯೂರು ಹತ್ರ ಕರಕರ ಸೌಂಡು, ಹಿಂದಿನಿಂದ ನಮ್ಮತ್ತೆ "ಏನೋ ಸೀದ ವಾಸನೆ, ಒಲೆ ಆಫ್ ಮಾಡಿದೀರಾ ತಾನೇ?" ಅಂತಿದಾರೆ. ಸೀದಿದ್ದು ಬೆಲ್ಟು. ಎಣ್ಣೆ ಸಾಲದೆ, ನೀರು ಸೇರಿ ಕಂಪ್ರೆಸರ್ ಜಾಮ್ ಆಗಿತ್ತು. ಹೈವೇ ಪಕ್ಕ ಮೂರು ಗಂಟೆ ಕೂತ್ವಿ, ಹಂಪಿ ಕ್ಯಾನ್ಸಲ್ಲು.

ಕಂಪ್ರೆಸರು, ವಾಲ್ವು, ಡ್ರೈಯರು, ಬೆಲ್ಟು, ಲೈನ್ ತೊಳೆಯೋದು, ಗ್ಯಾಸು, ಒಟ್ಟು ಬಿಲ್ಲು 41,000. ಅದೇ 12,000 ಹೇಳಿದ್ದ ಮೆಕ್ಯಾನಿಕ್ಕೇ ಮಾಡಿದ್ದು, ಪುಣ್ಯಾತ್ಮ ಒಂದು ಮಾತೂ ಆಡ್ಲಿಲ್ಲ, ಪಂಚರ್ ಅಂಗಡಿ ಗಾಳಿ ಅಂದಾಗ ಮಾತ್ರ ಹಣೆ ಚಚ್ಕೊಂಡ. ನಿಮಗೆ ಕೈ ತುರಿಕೆ ತಡೆಯಕ್ಕಾಗ್ಲಿಲ್ಲ ಅಂದ್ರೆ ಮೊದ್ಲು ಅಂಥವರ ಹತ್ರ ಗ್ಯಾಸ್ ತೆಗೆಸ್ಕೊಂಡು ಬನ್ನಿ, ಬೋಲ್ಟ್ ಕೆಲಸ ನೀವು ಮಾಡಿ, ಹೊಸ ಡ್ರೈಯರ್ ಗಾಳಿಯ ಪಸೆ ಕುಡೀದೇ ಇರ್ಲಿ ಅಂತ ಅದರ ಮುಚ್ಚಳ ಕಟ್ಟಕಡೇಲಿ ಬಿಚ್ಚಿ, ವ್ಯಾಕ್ಯೂಮು, ಎಣ್ಣೆ, ತೂಕ ಹಾಕಿ ಗ್ಯಾಸ್ ತುಂಬೋದು ಅವರಿಗೇ ಬಿಡಿ.

ಹಾಂ, ಹೊಸ ಕಂಡೆನ್ಸರ್ ಕಥೆ ಹೇಳ್ಲಿಲ್ಲ. ಕಂಪ್ರೆಸರ್ ಸವೆದ ಲೋಹದ ಚೂರೆಲ್ಲ ಅದರ ಸಣ್ಣ ಸಣ್ಣ ಕೊಳವೇಲಿ ಸಿಕ್ಕಾಕ್ಕೊಂಡಿತ್ತು, ತೊಳೆದ್ರೂ ಹೋಗಲ್ಲವಂತೆ, ಅದೂ ಇನ್ನೊಂದು ಹಾಕ್ಸ್ದೆ. ತಿಂಗಳು ತುಂಬದ 5,800ರ ಕಂಡೆನ್ಸರಿಗೆ ಗುಜರಿಯವನು 280 ರೂಪಾಯಿ ಕೊಟ್ಟ.