300ಕ್ಕೆ ಹಣ ತಗೊಂಡರು, 100 ದಾಟದ ಬಾಕ್ಸ್ ಕೊಟ್ಟರು

ಹೊಸದಾಗಿ ಬ್ರಾಡ್‌ಬ್ಯಾಂಡ್ ಹಾಕಿಸುವವರು, ಇರುವ ಪ್ಲಾನ್ ಬಿಟ್ಟು ದೊಡ್ಡ ಪ್ಲಾನ್‌ಗೆ ಹೋಗುವವರು ದಯವಿಟ್ಟು ಇದನ್ನು ಓದಿ. ಹದಿನಾಲ್ಕು ತಿಂಗಳು ನಾನು 300 ಎಂಬಿಪಿಎಸ್‌ಗೆ, ಅಂದರೆ ಸೆಕೆಂಡಿಗೆ 300 ಮೆಗಾಬಿಟ್ ಸ್ಪೀಡ್‌ಗೆ, ದುಡ್ಡು ಕಟ್ಟಿದೆ. ಒಂದೇ ಒಂದು ದಿನವೂ 300 ಬರಲಿಲ್ಲ. ಬರೋಕೆ ಸಾಧ್ಯವೇ ಇರಲಿಲ್ಲ. ಕಂಪನಿಯವರು ಕೊಟ್ಟಿದ್ದ ರೂಟರ್‌ಗೆ, ಅಂದರೆ ಮನೆಗೆಲ್ಲ ಇಂಟರ್ನೆಟ್ ಹಂಚುವ ಬಾಕ್ಸ್‌ಗೆ, 100 ದಾಟುವ ಶಕ್ತಿಯೇ ಇರಲಿಲ್ಲ. ಯಾವ ಮನೆಗೆ ಯಾವ ರೂಟರ್ ಕೊಟ್ಟಿದ್ದಾರೆ ಅನ್ನೋದು ಅವರ ಲೆಕ್ಕದಲ್ಲಿ ಇದ್ದೇ ಇರುತ್ತೆ. ನನಗೆ ಗೊತ್ತಾಗಿದ್ದು ಹದಿನಾಲ್ಕು ತಿಂಗಳಾದ ಮೇಲೆ.

ಕೋಪ ಇನ್ನೂ ಇಳಿದಿಲ್ಲ. ಅದಕ್ಕಿಂತ ಜಾಸ್ತಿ ನಾಚಿಕೆಯಾಗುತ್ತಿದೆ. ಪಕ್ಕದ ಮನೆಯವರಿಗೂ ನಾನೇ ಹೇಳಿ ಇದೇ ಪ್ಲಾನ್ ಹಾಕಿಸಿದ್ದೆ.

ಮೊದಲು ನನ್ನದು 100ರ ಪ್ಲಾನ್. ಅದು ಚೆನ್ನಾಗೇ ಇತ್ತು. ಮನೆಯಿಂದಲೇ ಕೆಲಸ ಶುರುವಾಗಿ, ದೊಡ್ಡ ದೊಡ್ಡ ಫೈಲ್ ಇಳಿಸಿಕೊಳ್ಳಬೇಕಾದಾಗ ಸಾಲದೆ ಬಂತು. ಅಷ್ಟರಲ್ಲಿ ಕಂಪನಿಯಿಂದಲೇ ಫೋನ್. "ಮೇಡಂ, 300ರ ಪ್ಲಾನ್‌ಗೆ ಬನ್ನಿ, ಸ್ಪೀಡ್ ಮೂರು ಪಟ್ಟು ಆಗುತ್ತೆ" ಅಂದರು. ನಾನು ಕೇಳಿದ್ದು ಒಂದೇ ಪ್ರಶ್ನೆ, "ಬಾಕ್ಸ್ ಬದಲಾಯಿಸಬೇಕಾ?" ಅದಕ್ಕೆ ಬಂದ ಉತ್ತರ ಈಗಲೂ ಕಿವಿಯಲ್ಲಿದೆ. "ಏನೂ ಬೇಡ ಮೇಡಂ. ಇರೋ ಬಾಕ್ಸಲ್ಲೇ ಬರುತ್ತೆ."

ಇರೋ ಬಾಕ್ಸಲ್ಲೇ ಬರುತ್ತೆ. ಈ ಮೂರು ಪದ ನಂಬಿ ಹಣ ಕಟ್ಟಿದೆ. ಹತ್ತು ನಿಮಿಷದಲ್ಲಿ ಮೆಸೇಜ್ ಬಂತು, ಪ್ಲಾನ್ ಬದಲಾಗಿದೆ ಅಂತ. ಅವತ್ತೇ ಫೋನಿನಲ್ಲಿ ಟೆಸ್ಟ್ ಮಾಡಿದರೆ 40, 45. ಕಸ್ಟಮರ್ ಕೇರ್‌ನವರು ವೈಫೈಯಲ್ಲಿ ಅಷ್ಟೇ ಬರೋದು, ಕೇಬಲ್ ಹಾಕಿ ನೋಡಿ ಅಂದರು. ಹಾಕಿದೆ. 94.

ಬೆಳಿಗ್ಗೆ 94. ಸಂಜೆ 94. ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೂ 94. ಆಗಲೇ ನನಗೆ ಹೊಳೆಯಬೇಕಿತ್ತು. ಲೈನ್‌ನಲ್ಲಿ ತೊಂದರೆ ಇದ್ದರೆ, ಜನ ಜಾಸ್ತಿ ಬಳಸುತ್ತಿದ್ದರೆ ಸ್ಪೀಡ್ ಏರುತ್ತೆ, ಇಳಿಯುತ್ತೆ. ಹೀಗೆ ಹಗಲೂ ರಾತ್ರಿ ಒಂದೇ ಅಂಕಿಯಲ್ಲಿ ಕೂತಿದೆ ಅಂದರೆ ಎಲ್ಲೋ ಏನೋ ತಡೆಯುತ್ತಿದೆ ಅಂತಲೇ ಅರ್ಥ. 100 ಎಂಬಿಪಿಎಸ್ ಪೋರ್ಟ್‌ನಲ್ಲಿ (ರೂಟರ್‌ಗೆ ಕೇಬಲ್ ಚುಚ್ಚುವ ಜಾಗ) ಡೇಟಾ ಪ್ಯಾಕೆಟ್‌ಗಳ ಮೇಲಿನ ವಿಳಾಸ, ತಲೆಬರಹ ಎಲ್ಲ ಕಳೆದು ಕೈಗೆ ಸಿಗುವುದು ಸುಮಾರು 94. ಈಗ ಗೊತ್ತು. ಆಗ ಗೊತ್ತಿರಲಿಲ್ಲ.

ಮತ್ತೆ ಫೋನ್ ಮಾಡಿದೆ. ಡೌನ್‌ಲೋಡ್ ಮಾಡುವಾಗ ಪರದೆಯ ಮೇಲೆ ಸೆಕೆಂಡಿಗೆ 11 ಮೆಗಾಬೈಟ್ ಅಂತ ತೋರಿಸುತ್ತೆ, 300 ಎಲ್ಲಿದೆ ಅಂತ ಕೇಳಿದೆ. ಆ ಕಡೆಯಿಂದ ಸಣ್ಣಗೆ ನಕ್ಕ ಸದ್ದು. "ಮೇಡಂ, ಬಿಟ್ ಬೇರೆ, ಬೈಟ್ ಬೇರೆ. ನೀವು ಬೈಟ್ ಓದ್ತಾ ಇದೀರಿ. ಎಂಟು ಬಿಟ್ ಸೇರಿದ್ರೆ ಒಂದು ಬೈಟ್. ನಿಮಗೆ ಸರಿಯಾಗೇ ಬರ್ತಿದೆ." ನನಗೆ ಮುಖ ಬಿಸಿಯಾಯಿತು. ಇಷ್ಟೂ ಗೊತ್ತಿಲ್ಲದೆ ಜಗಳ ಆಡಿದೆನಲ್ಲ ಅಂತ ಸಾರಿ ಹೇಳಿ ಫೋನ್ ಇಟ್ಟೆ. ಹೌದು, ಸಾರಿ ಹೇಳಿದ್ದು ನಾನು! ಆಮೇಲೆ ತಿಂಗಳುಗಟ್ಟಲೆ ಕಂಪ್ಲೇಂಟ್ ಮಾಡಲಿಲ್ಲ. ಕೂತು ಲೆಕ್ಕ ಹಾಕಿದ್ದರೆ ಸಾಕಿತ್ತು. 11ನ್ನು ಎಂಟರಿಂದ ಗುಣಿಸಿದರೆ 88. 300 ಬರುತ್ತಿದ್ದರೆ ಅಲ್ಲಿ ಹೆಚ್ಚುಕಡಿಮೆ 37 ಮೆಗಾಬೈಟ್ ಕಾಣಬೇಕಿತ್ತು. ಆ ಮನುಷ್ಯ ಹೇಳಿದ ವಿಷಯ ನಿಜ, ಹೇಳಿದ ಉದ್ದೇಶ ನನ್ನ ಬಾಯಿ ಮುಚ್ಚಿಸುವುದು. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಆಮೇಲೆ ಒಂದು ದಿನ ಕೆಲಸದ ಮಧ್ಯೆ ವಿಡಿಯೋ ಕಾಲ್ ಮೂರು ಸಲ ಕಟ್ ಆಯಿತು. ಬೈದು ಬೈದು ಟೆಕ್ನಿಷಿಯನ್‌ನನ್ನು ಕರೆಸಿದೆ. ಹುಡುಗ ಬಂದ, ರೂಟರ್ ಆಫ್ ಮಾಡಿ ಆನ್ ಮಾಡಿದ. ನಾನು 300 ಬರುತ್ತಿಲ್ಲ ಅಂದಿದ್ದಕ್ಕೆ ರೂಟರ್ ತಿರುಗಿಸಿ ಅಡಿಯಲ್ಲಿದ್ದ ಸ್ಟಿಕರ್ ತೋರಿಸಿದ. "ನೋಡಿ ಮೇಡಂ, 300 ಎಂಬಿಪಿಎಸ್ ಅಂತ ಇಲ್ಲೇ ಬರ್ದಿದೆ. ಬಾಕ್ಸ್ 300ರದ್ದೇ." ನಿಜವಾಗಿಯೂ ಬರೆದಿತ್ತು. ದಪ್ಪ ಅಕ್ಷರದಲ್ಲಿ. ನಾನು ಬಗ್ಗಿ ಓದಿದೆ, ತಲೆಯಾಡಿಸಿದೆ, ಅವನ ಪುಸ್ತಕದಲ್ಲಿ ಸಮಸ್ಯೆ ಸರಿಯಾಗಿದೆ ಅಂತ ಸಹಿಯನ್ನೂ ಹಾಕಿದೆ.

ಆ ಸ್ಟಿಕರ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನಿಮಗೂ ಇದನ್ನೇ ತೋರಿಸುತ್ತಾರೆ. ಆ 300 ಇಂಟರ್ನೆಟ್ ಸ್ಪೀಡ್ ಅಲ್ಲ. ಅದು ವೈಫೈ ಗಾಳಿಯಲ್ಲಿ ಓಡಬಹುದಾದ ಲೆಕ್ಕದ ಸ್ಪೀಡ್. 2009ರಲ್ಲಿ ಬಂದ ಎನ್ ಅನ್ನೋ ವೈಫೈ ತಲೆಮಾರಿನದು. ಎರಡು ಆಂಟೆನಾ ಇದ್ದು, 40 ಮೆಗಾಹರ್ಟ್ಸ್ ಅಗಲದ ದಾರಿ ಪೂರ್ತಿ ಸಿಕ್ಕಿದರೆ ಮಾತ್ರ ಆ ಅಂಕಿ. ನನ್ನ ರೂಟರ್‌ನಲ್ಲಿ ಇದ್ದಿದ್ದು 2.4 ಗಿಗಾಹರ್ಟ್ಸ್ ಬ್ಯಾಂಡ್ ಒಂದೇ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11, ಮೂರೇ ಮೂರು. ಸುತ್ತಲಿನ ಮನೆಗಳ ರೂಟರ್‌ಗಳೂ ಅಲ್ಲೇ, ಬ್ಲೂಟೂತ್ ಅಲ್ಲೇ, ಮೈಕ್ರೋವೇವ್ ಓವನ್ನಿನ ಗಲಾಟೆಯೂ ಅಲ್ಲೇ. ದಾರಿ 20 ಮೆಗಾಹರ್ಟ್ಸ್‌ಗೆ ಇಳಿದರೆ ಲೆಕ್ಕದ ಸ್ಪೀಡೇ 144. ಕೈಗೆ ಸಿಗೋದು ಇನ್ನೂ ಕಡಿಮೆ. ಮುಖ್ಯ ಮಾತು ಬೇರೆಯೇ ಇದೆ. ಅದೇ ರೂಟರ್‌ನ ಹಿಂದೆ ಇಂಟರ್ನೆಟ್ ಒಳಗೆ ಬರುವ ಪೋರ್ಟ್ ಇದೆಯಲ್ಲ, ಅದು 100ರದ್ದು. ಮುಂಬಾಗಿಲೇ 100ರದ್ದಾದರೆ ಒಳಗೆ 300 ಬರೋದು ಎಲ್ಲಿಂದ?

ಇದು ಗೊತ್ತಾಗಿದ್ದು ಜೊತೆಗೆ ಕೆಲಸ ಮಾಡುವ ಒಬ್ಬರಿಂದ. 94 ಅನ್ನೋ ಅಂಕಿ ಕೇಳಿದ ತಕ್ಷಣ ಅವರು, "ಲ್ಯಾಪ್‌ಟಾಪ್‌ನಲ್ಲಿ ಲಿಂಕ್ ಸ್ಪೀಡ್ ಎಷ್ಟಿದೆ ನೋಡಿ" ಅಂದರು. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ತೆಗೆದು ನೋಡಿದೆ. 100/100. ಅಂದರೆ ರೂಟರ್‌ಗೂ ಲ್ಯಾಪ್‌ಟಾಪ್‌ಗೂ ನಡುವಿನ ಕೇಬಲ್ ದಾರಿಯೇ 100ರದ್ದು. ಆಮೇಲೆ ರೂಟರ್ ಮಾಡೆಲ್ ನಂಬರ್ ಹುಡುಕಿದೆ. ತಯಾರಕರೇ ಹಾಕಿರುವ ಪುಟದಲ್ಲಿ ಎಲ್ಲ ಪೋರ್ಟ್‌ಗಳೂ 10/100, ಅಂದರೆ ಹೆಚ್ಚೆಂದರೆ 100, ಅಂತ ಸ್ಪಷ್ಟವಾಗಿ ಇದೆ. ಎರಡು ನಿಮಿಷದ ಕೆಲಸ. ಹದಿನಾಲ್ಕು ತಿಂಗಳ ಬಿಲ್‌ಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಸುಮ್ನೆ ಕೂತುಬಿಟ್ಟೆ.

ಮಾರನೇ ದಿನ ಕಸ್ಟಮರ್ ಕೇರ್‌ಗೆ ಮಾಡೆಲ್ ನಂಬರ್ ಸಮೇತ ಹೇಳಿದೆ. ಉತ್ತರ ಏನು ಗೊತ್ತಾ? "ಪ್ಲಾನ್‌ನಲ್ಲಿ 300ರವರೆಗೆ ಅಂತ ಇದೆ ಮೇಡಂ. 94 ಕೂಡ 300ರ ಒಳಗೇ ಬರುತ್ತೆ ಅಲ್ವಾ." ಹಾಗಾದರೆ 300 ಬರುವ ರೂಟರ್ ಕೊಡಿ ಅಂದೆ. ಅದಕ್ಕೆ ಬೇರೆ ಬಾಡಿಗೆ ಅಂದರು. ಈಗಿನದಕ್ಕೂ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿದ್ದೀನಲ್ಲ ಅಂದೆ. ಸ್ವಲ್ಪ ಹೊತ್ತು ಮೌನ. ಆಮೇಲೆ ತುಂಬಾ ಮರ್ಯಾದೆಯಿಂದ, "ಇಷ್ಟ ಆಗಿಲ್ಲ ಅಂದ್ರೆ ನೀವು ಬೇರೆ ಕಂಪನಿ ಕನೆಕ್ಷನ್ ತಗೋಬಹುದು ಮೇಡಂ."

ಬೇರೆ ಕಂಪನಿ! ಇಲ್ಲಿಗೆ ಬೇರೆ ಕಂಪನಿಯ ಲೈನೇ ಇಲ್ಲ. ಅದು ಅವರಿಗೂ ಗೊತ್ತು. ಗೊತ್ತಿದ್ದೇ ಹೇಳಿದ್ದು. ಮೋಸ ಮಾಡಿದ್ದಕ್ಕಿಂತ ಈ ಮಾತು ನನಗೆ ಜಾಸ್ತಿ ನೋವು ಕೊಟ್ಟಿತು. ನಾನು ಇನ್ನೆರಡು ಕಂಪನಿಗಳಿಗೆ ಫೋನ್ ಮಾಡಿದೆ. ಒಬ್ಬರು ವಿಳಾಸ ಕೇಳಿ "ಅಲ್ಲಿ ನಮ್ಮ ಫೈಬರ್ ಇಲ್ಲ" ಅಂದರು. ಇನ್ನೊಬ್ಬರು "ಕಟ್ಟಡದ ಪೈಪ್‌ನಲ್ಲಿ ಕೇಬಲ್ ಎಳೆಯೋಕೆ ನಮಗೆ ಪರ್ಮಿಷನ್ ಇಲ್ಲ" ಅಂದರು. ನೆಲ ಅಗೆದು ಫೈಬರ್ ಹಾಕೋದಕ್ಕೇ ದೊಡ್ಡ ಖರ್ಚು. ಒಬ್ಬರು ಈಗಾಗಲೇ ಎಲ್ಲ ಮನೆಗಳನ್ನೂ ಹಿಡಿದಿರುವ ಕಡೆ, ಅರ್ಧ ಗಿರಾಕಿ ಸಿಗುತ್ತಾರೋ ಇಲ್ಲವೋ ಅನ್ನುವ ಜಾಗಕ್ಕೆ ಎರಡನೆಯವರು ಬಂದು ಮತ್ತೆ ಅಗೆಯಲ್ಲ. ಮೊದಲು ಬಂದವರಿಗೇ ಊಟ. ಮೊಬೈಲ್ ಡೇಟಾ ಇದೆಯಲ್ಲ ಅನ್ನಬೇಡಿ. ಒಂದು ಟವರ್‌ನ ಸ್ಪೀಡನ್ನು ಸುತ್ತಲಿನವರೆಲ್ಲ ಹಂಚಿಕೊಳ್ಳಬೇಕು, ಸಂಜೆ ಆದರೆ ತೆವಳುತ್ತೆ.

ನಾವು ಬಿಟ್ಟು ಹೋಗಲ್ಲ ಅಂತ ಗೊತ್ತಿರುವವರು ನಮಗೆ ಒಳ್ಳೆ ರೂಟರ್ ಯಾಕೆ ಕೊಡುತ್ತಾರೆ ಹೇಳಿ. ಲೈನ್‌ನಲ್ಲಿ ಕೊರತೆ ಇರಲಿಲ್ಲ. ಗೋಡೆ ಮೇಲೆ ಫೈಬರ್ ಬಂದು ಸೇರುವ ಚಿಕ್ಕ ಡಬ್ಬಿಯ ಮೇಲೆ ಜಿಪಾನ್ ಅಂತ ಇತ್ತು. ಆ ತಂತ್ರಜ್ಞಾನದಲ್ಲಿ ಒಂದು ಫೈಬರ್‌ನಲ್ಲಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ (2500 ಎಂಬಿಪಿಎಸ್) ಇಳಿದು ಬರುತ್ತೆ, ಅದನ್ನು ಹಲವು ಮನೆಗಳಿಗೆ ಹಂಚುತ್ತಾರೆ. ನನಗೆ 300 ಕೊಡೋದು ಅದಕ್ಕೆ ಕಷ್ಟವೇ ಅಲ್ಲ. ಅಲ್ಲಿಂದ ಒಂದು ಮೊಳ ದೂರದ ಹಳೇ ರೂಟರ್ ಬದಲಾಯಿಸೋಕೆ ಅವರಿಗೆ ಮನಸ್ಸಿಲ್ಲ, ಅಷ್ಟೇ.

ಕೊನೆಗೆ ನನ್ನದೇ ರೂಟರ್ ತಂದೆ, ಗಿಗಾಬಿಟ್ ಪೋರ್ಟ್ ಇರುವುದು, 5 ಗಿಗಾಹರ್ಟ್ಸ್ ವೈಫೈ ಇರುವುದು. ಲಾಗಿನ್ ಮಾಡಲು ಯೂಸರ್ ನೇಮ್, ಪಾಸ್‌ವರ್ಡ್ ಬೇಕು. ಕೇಳಿದರೆ ಕೊಡಲ್ಲ ಅಂದರು. "ನಮ್ಮ ಬಾಕ್ಸ್ ಮಾತ್ರ ಹಾಕಬೇಕು ಮೇಡಂ. ರೂಲ್ಸ್ ಹಾಗೇ ಇದೆ, ಪ್ರಪಂಚದಲ್ಲಿ ಎಲ್ಲ ಕಡೆ ಹೀಗೇ." ಎಲ್ಲ ಕಡೆ ಹೀಗೇ ಅನ್ನೋದನ್ನೂ ನಂಬಬೇಡಿ. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ಯಾವ ರೂಟರ್ ಬೇಕು ಅನ್ನೋದು ಗ್ರಾಹಕರ ಇಷ್ಟ. ಲಾಗಿನ್ ವಿವರಗಳನ್ನು ಕೇಳದೆಯೇ, ಪುಕ್ಕಟೆ ಕೊಡಬೇಕು ಅಂತ ಕಾನೂನೇ ಇದೆ. ಇದನ್ನೆಲ್ಲ ಓದಿಕೊಂಡು ಹೋಗಿ ಹೇಳಿದೆ. ಆ ಕಡೆಯವರು ಕೇಳಿಸಿಕೊಂಡು, "ಬೇರೆ ಏನಾದ್ರೂ ಸಹಾಯ ಬೇಕಾ ಮೇಡಂ?" ಅಂದರು.

ಹನ್ನೊಂದು ಸಲ ಫೋನ್ ಮಾಡಿದ ಮೇಲೆ ಯಾರೋ ಒಬ್ಬ ಪುಣ್ಯಾತ್ಮರು ಪಾಸ್‌ವರ್ಡ್ ಕಳಿಸಿ, ಹೊಸ ರೂಟರ್‌ನ ಮ್ಯಾಕ್ ಅಡ್ರೆಸ್ (ಸಾಧನದ ಗುರುತಿನ ಸಂಖ್ಯೆ) ಸೇರಿಸಿಕೊಟ್ಟರು. ಖುಷಿಯಿಂದ ಟೆಸ್ಟ್ ಮಾಡಿದೆ.

94.

ಅಳು ಬಂತು, ನಿಜವಾಗಿ. ಪ್ರತಿಯೊಂದನ್ನೂ ಬಿಚ್ಚಿ ನೋಡುತ್ತಾ ಕೂತೆ. ಚಿಕ್ಕ ಡಬ್ಬಿಯಿಂದ ರೂಟರ್‌ಗೆ ಹೋಗುವ ಕೇಬಲ್ ಅವರದೇ, ಮೊದಲ ದಿನ ಆ ಹುಡುಗರು ತಾವೇ ಕತ್ತರಿಸಿ ಒತ್ತಿಕೊಟ್ಟಿದ್ದು. ಅದರ ತುದಿಯ ಪ್ಲಾಸ್ಟಿಕ್ ಕ್ಲಿಪ್ ಗಾಜಿನ ಥರ ಇರುತ್ತೆ, ಒಳಗಿನ ಬಣ್ಣದ ತಂತಿಗಳು ಕಾಣುತ್ತವೆ. ಬೆಳಕಿಗೆ ಹಿಡಿದೆ. ಎಂಟು ತಂತಿ ಇರಬೇಕಾದ ಕಡೆ ನಾಲ್ಕೇ ಇದ್ದವು. ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ಹಸಿರು. ಉಳಿದ ನಾಲ್ಕು ಜಾಗ ಖಾಲಿ. 100ಕ್ಕೆ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಒಂದು ಗೇಣು ತಂತಿಯಲ್ಲೂ ಉಳಿಸಿದ್ದಾರೆ! ಬೇರೆ ಕೇಬಲ್ ಹಾಕಿದ ತಕ್ಷಣ 286 ಬಂತು. ಅದೇ ಲೈನ್, ಅದೇ ಪ್ಲಾನ್.

ಹಳೇ ರೂಟರ್ ಈಗ ಬೀರುವಿನಲ್ಲಿದೆ. ವಾಪಸ್ ತಗೊಂಡು ಹೋಗಿ ಅಂದರೆ ಬರುವುದಿಲ್ಲ. ಈ ತಿಂಗಳ ಬಿಲ್‌ನಲ್ಲೂ ಅದರ ಬಾಡಿಗೆ ಇದೆ. ಗ್ರಾಹಕರು ತಮ್ಮದೇ ಸಾಧನ ಬಳಸುವಾಗ ಕಂಪನಿ ಬಾಡಿಗೆ ಹಾಕಬಾರದು ಅಂತ ಅಮೆರಿಕದಲ್ಲಿ 2019ರಲ್ಲಿ ಕಾನೂನು ಮಾಡಿದರು, 2020ರ ಡಿಸೆಂಬರ್‌ನಿಂದ ಜಾರಿಗೂ ಬಂತು. ಕಾನೂನೇ ಬೇಕಾಯಿತು ಅಂದರೆ ಇದು ಎಷ್ಟು ಕಡೆ ನಡೆಯುತ್ತಿತ್ತು ಅಂತ ಯೋಚನೆ ಮಾಡಿ. ನನ್ನ ಹದಿನಾಲ್ಕು ತಿಂಗಳ ಹೆಚ್ಚಿನ ಹಣ ಕೇಳಿದ್ದಕ್ಕೆ ಬಂದ ಉತ್ತರ, "ನಿಮ್ಮ ಕಂಪ್ಲೇಂಟ್ ಪರಿಹಾರವಾಗಿದೆ."

ಪ್ಲಾನ್ ದೊಡ್ಡದು ಮಾಡುವ ಮೊದಲು ರೂಟರ್ ಮಾಡೆಲ್ ನಂಬರ್ ಹುಡುಕಿ, ಪೋರ್ಟ್ 10/100 ಅಂತಿದ್ದರೆ ಒಂದು ಪೈಸೆಯೂ ಜಾಸ್ತಿ ಕಟ್ಟಬೇಡಿ. ಕೇಬಲ್ ಕ್ಲಿಪ್‌ನಲ್ಲಿ ಎಂಟು ತಂತಿ ಎಣಿಸಿ. ಇರೋ ಬಾಕ್ಸಲ್ಲೇ ಬರುತ್ತೆ ಅಂದರೆ ಅದನ್ನೇ ಮೆಸೇಜ್‌ನಲ್ಲಿ ಬರೆದುಕೊಡಿ ಅನ್ನಿ, ನಾನು ಕೇಳಲಿಲ್ಲ. ಟೆಕ್ನಿಷಿಯನ್ ಮುಂದೆ ಟೆಸ್ಟ್ ಮಾಡದೆ ಸಹಿ ಹಾಕಲೇಬೇಡಿ.

ನಿನ್ನೆ ಪಕ್ಕದ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಅಯ್ಯೋ, ನಿಧಾನ ಅನ್ಸಿತ್ತು, ನಮ್ಮ ಫೋನ್ ಹಳೇದು ಅದಕ್ಕೇ ಅಂದ್ಕೊಂಡಿದ್ವಿ" ಅಂದರು. ಅವರ ರೂಟರ್ ತಿರುಗಿಸಿದೆ. ಅದೇ ಸ್ಟಿಕರ್, ಅದೇ 300. ಕೇಬಲ್ ಕಿತ್ತು ಬೆಳಕಿಗೆ ಹಿಡಿದು ತೋರಿಸಿದೆ. ಅಲ್ಲೂ ನಾಲ್ಕೇ ತಂತಿ.