ಹೊಸ ರೂಟ್, 18 ತಿಂಗಳ ನಂತರ: ಬಸ್ ಪರವಾಗಿಲ್ಲ, ಆ ಕಂಬ ಮಾತ್ರ ಕಿತ್ತುಹಾಕಿ

ನಮ್ಮ ಬಸ್ಸಿನ ರೂಟ್ ಬದಲಾಗಿ 18 ತಿಂಗಳಾಯಿತು. ಮೊದಲ ವಾರವೇ ಸಿಟ್ಟಿನಲ್ಲಿ ಒಂದು ಸ್ಟಾರ್ ಕೊಟ್ಟಿದ್ದೆ. ಆರು ತಿಂಗಳಾದ ಮೇಲೆ ನಾಚಿಕೆಯಾಗಿ ಅದನ್ನು ನಾಲ್ಕು ಮಾಡಿದೆ. ಈಗ ಮೂರನೇ ಸಲ ಬರೆಯಲು ಕೂತಿದ್ದೇನೆ. ಈ ಸಲ ಕಾರಣ ಬಸ್ ಅಲ್ಲ, ಒಂದು ಕಂಬ.

ಹಳೆ ರೂಟಿನಲ್ಲಿ ಮನೆಯಿಂದ ಎರಡು ನಿಮಿಷಕ್ಕೆ ಸ್ಟಾಪ್. ಬಸ್ ಸಿಕ್ಕಿದರೆ ಸೀದಾ ಆಫೀಸಿನ ಎದುರಿಗೆ ಇಳಿಯಬಹುದಿತ್ತು. ಸಿಕ್ಕಿದರೆ! 40 ನಿಮಿಷಕ್ಕೊಂದು ಬಸ್. ಅದೂ ಕಂಡ ಕಂಡ ಗಲ್ಲಿಗೆಲ್ಲ ನುಗ್ಗಿ, ಆಸ್ಪತ್ರೆಗೊಂದು ಪ್ರದಕ್ಷಿಣೆ ಹಾಕಿ, ಶಾಲೆಯ ಗೇಟಿನ ತನಕ ಹೋಗಿ ಅಲ್ಲೇ ತಿರುಗಿಕೊಂಡು ಬರುತ್ತಿತ್ತು. ನಿದ್ದೆ ಮಾಡುವವರಿಗೆ ಹೇಳಿ ಮಾಡಿಸಿದ ರೂಟ್. ನಾನೂ ಬೇಕಾದಷ್ಟು ಮಾಡಿದ್ದೇನೆ.

ಬದಲಾವಣೆಯ ಹಿಂದಿನ ಲೆಕ್ಕ ನನಗೆ ತಡವಾಗಿ ಅರ್ಥವಾಯಿತು. ಹೋಗಿ ಬರಲು ಎರಡು ಗಂಟೆ, ಇರುವುದು ಮೂರೇ ಬಸ್. ಹಾಗಾದರೆ 40 ನಿಮಿಷಕ್ಕೊಂದೇ ಬರುವುದು, ಏನು ಮಾಡಿದರೂ ಅಷ್ಟೇ. ಸುತ್ತು ಕತ್ತರಿಸಿ, ರೂಟನ್ನು ದೊಡ್ಡ ಜಂಕ್ಷನ್‌ಗೇ ಮುಗಿಸಿ, ಒಂದು ಗಂಟೆಗೆ ಇಳಿಸಿದರೆ ಅದೇ ಮೂರು ಬಸ್ಸು 20 ನಿಮಿಷಕ್ಕೊಂದು ಬರುತ್ತದೆ. ಅಲ್ಲಿಂದ ಮುಂದಕ್ಕೆ ಬೇರೆ ಬಸ್ ಹಿಡಿಯಬೇಕು ಅಷ್ಟೇ. ಅಮೆರಿಕದ ಹ್ಯೂಸ್ಟನ್ ನಗರ 2015ರ ಆಗಸ್ಟ್‌ನಲ್ಲಿ ಇಡೀ ಬಸ್ ಜಾಲವನ್ನೇ ಹೀಗೆ ಒಂದೇ ರಾತ್ರಿಯಲ್ಲಿ ಬದಲಿಸಿತು. ಸುತ್ತುಬಳಸು ರೂಟುಗಳನ್ನು ನೇರ ಮಾಡಿ, 15 ನಿಮಿಷಕ್ಕೊಂದರಂತೆ ಬಸ್ ಬರುವ ರಸ್ತೆಗಳನ್ನು ಹೆಚ್ಚಿಸಿತು. ವಾರಾಂತ್ಯದಲ್ಲೂ ಸಹ.

ಈಗ ನನ್ನ ಬೆಳಗು ಹೇಳುತ್ತೇನೆ. ಇದು ನನಗೆ ಇಷ್ಟದ ಭಾಗ. ಟೈಮ್ ನೋಡದೆ ಮನೆ ಬಿಡುತ್ತೇನೆ. ಇದು ಎಂಥ ಸುಖ ಅಂತ 40 ನಿಮಿಷದ ಬಸ್ ಕಾದವರಿಗೇ ಗೊತ್ತು. ಹೊಸ ಸ್ಟಾಪ್ ಮುಖ್ಯರಸ್ತೆಯಲ್ಲಿದೆ, ನಡೆಯಬೇಕು. ಬಸ್ ಹತ್ತಿದ ಮೇಲೆ ಸೀಟು ಖಾಲಿ ಇದ್ದರೂ ನಾನು ಕೂರುವುದಿಲ್ಲ, ಮುಂದಿನ ಬಾಗಿಲ ಪಕ್ಕದ ಕಂಬಿಗೆ ಒರಗಿ ನಿಲ್ಲುತ್ತೇನೆ. ಜಂಕ್ಷನ್‌ನಲ್ಲಿ ಮೊದಲು ಇಳಿದವರಿಗೆ ಎರಡನೇ ಬಸ್ಸಿನಲ್ಲಿ ಕಿಟಕಿ ಸೀಟು. ಇಳಿದು ಎಡಕ್ಕೆ 30 ಹೆಜ್ಜೆ. ನನ್ನ ಹಾಗೇ ಲೆಕ್ಕ ಹಾಕಿದ ಇನ್ನಿಬ್ಬರಿದ್ದಾರೆ. ಹೆಸರು ಗೊತ್ತಿಲ್ಲ, ಮಾತಾಡಿಲ್ಲ, ಆದರೆ ನಮ್ಮ ನಡುವೆ ದಿನಾ ಒಂದು ಸಣ್ಣ ಓಟದ ಪಂದ್ಯ. ಒಟ್ಟು ಹದಿನೈದು ನಿಮಿಷ ಉಳಿತಾಯ. ತಿಂಗಳ ಪಾಸ್ ಇರುವುದರಿಂದ ಬಸ್ ಬದಲಿಸಿದರೂ ಜೇಬಿಗೆ ಭಾರವಿಲ್ಲ. ಇದಕ್ಕೇ ನಾಲ್ಕು ಸ್ಟಾರ್ ಕೊಟ್ಟಿದ್ದು.

ಪಾಸ್ ಇಲ್ಲದವರ ಕಥೆ ಬೇರೆ. ವಾರಕ್ಕೆ ಎರಡು ದಿನ ಕೆಲಸಕ್ಕೆ ಹೋಗುವವರು ಪಾಸ್ ಮಾಡಿಸಿದರೆ ನಷ್ಟ, ಬಿಡಿ ಟಿಕೆಟ್ ಎರಡೆರಡು ಸಲ ತೆಗೆದರೂ ನಷ್ಟ. ಹಾಗೆಯೇ ಸಂಜೆ ಎಂಟರ ನಂತರ ಎರಡೂ ರೂಟುಗಳು ಮತ್ತೆ 40 ನಿಮಿಷಕ್ಕೆ ಇಳಿಯುತ್ತವೆ. ಬಸ್ ಬದಲಿಸುವುದು ಎರಡೂ ಕಡೆ ಪದೇ ಪದೇ ಬಸ್ ಇದ್ದಾಗ ಮಾತ್ರ ನಡೆಯುವ ಆಟ. ಒಂದು ತಪ್ಪಿದರೆ ಜಂಕ್ಷನ್‌ನಲ್ಲಿ ಸೊಳ್ಳೆ ಹೊಡೆಯುತ್ತಾ ನಿಲ್ಲಬೇಕು. ಚಿಲಿಯ ಸ್ಯಾಂಟಿಯಾಗೋದಲ್ಲಿ 2007ರ ಫೆಬ್ರವರಿಯಲ್ಲಿ ಹೀಗೇ ಎಲ್ಲವನ್ನೂ ಒಟ್ಟಿಗೆ ಬದಲಿಸಿದರು. ಬಸ್ಸುಗಳು ಸಾಲಲಿಲ್ಲ, ಮೆಟ್ರೋ ತುಂಬಿ ತುಳುಕಿತು, ಕೊನೆಗೆ ದೇಶದ ಅಧ್ಯಕ್ಷೆಯೇ ಜನರ ಕ್ಷಮೆ ಕೇಳಬೇಕಾಯಿತು. ನಮ್ಮದು ಅಷ್ಟು ದೊಡ್ಡದಲ್ಲ ಬಿಡಿ. ಕ್ಷಮೆ ಕೇಳುವವರೂ ಯಾರೂ ಇಲ್ಲ.

ಇನ್ನು ಕಂಬ.

ಹಳೆ ಸ್ಟಾಪಿನ ಕಂಬ, ಹಳೆ ನಂಬರಿನ ಬೋರ್ಡು, ಹಳೆ ಟೈಮ್‌ಟೇಬಲ್, ಮೂರೂ ಇವತ್ತಿಗೂ ಹಾಗೇ ಇವೆ. ಬೆಂಚೂ ಇದೆ, ನೆರಳೂ ಇದೆ. ಹೊಸ ಸ್ಟಾಪಿನಲ್ಲಿ ಎರಡೂ ಇಲ್ಲ. ಹಾಗಾಗಿ ನೋಡಿದವರಿಗೆ ಇದೇ ನಿಜವಾದ ಸ್ಟಾಪ್ ಅನ್ನಿಸುತ್ತದೆ. ನಾನು ದಿನಾ ಅದರ ಮುಂದೆಯೇ ನಡೆದು ಹೋಗಬೇಕು. ವಾರದಲ್ಲಿ ಮೂರು ದಿನವಾದರೂ ಅಲ್ಲಿ ಯಾರಾದರೂ ಕೂತಿರುತ್ತಾರೆ. ನೆಂಟರ ಮನೆಗೆ ಬಂದವರು, ಆಸ್ಪತ್ರೆಗೆ ಹೊರಟವರು. ‘ಇಲ್ಲಿ ಬಸ್ ಬರಲ್ಲ’ ಅಂದರೆ ಮೊದಲು ನನ್ನನ್ನು ಅನುಮಾನದಿಂದ ನೋಡುತ್ತಾರೆ, ಆಮೇಲೆ ಬೋರ್ಡು ತೋರಿಸುತ್ತಾರೆ. ಬೋರ್ಡಿನ ಮುಂದೆ ನನ್ನ ಮಾತು ಯಾವ ಲೆಕ್ಕ!

ಒಮ್ಮೆ ಒಬ್ಬ ಅಜ್ಜಿ ಕೂತಿದ್ದರು, ಕೈಯಲ್ಲಿ ಎಕ್ಸ್‌ರೇ ಕವರ್. ಮುಕ್ಕಾಲು ಗಂಟೆಯಿಂದ ಕಾಯುತ್ತಿದ್ದೇನೆ ಅಂದರು. ಜೊತೆಗೆ ನಡೆದೆ. ಹೊಸ ಸ್ಟಾಪ್ ಎಷ್ಟು ದೂರ ಅಂತ ಅವತ್ತು ನನಗೆ ಗೊತ್ತಾಯಿತು. ಮನೆಯಿಂದ ಸ್ಟಾಪಿಗೆ 400 ಮೀಟರ್ ಇದ್ದರೆ ಸಾಕು, ಐದು ನಿಮಿಷದ ದಾರಿ ಅನ್ನುವುದು ರೂಟ್ ಹಾಕುವವರ ರೂಢಿ ಲೆಕ್ಕ. ಮ್ಯಾಪಿನ ಮೇಲೆ ಗೆರೆ ಎಳೆದರೆ ನಮ್ಮ ಬೀದಿಗೂ ಸುಮಾರು ಅಷ್ಟೇ. ಆದರೆ ಮಧ್ಯೆ ಒಂದು ಉದ್ದನೆಯ ಕಾಂಪೌಂಡ್ ಗೋಡೆ ಇದೆ. ಅದನ್ನು ಬಳಸಿಕೊಂಡು ಹೋದರೆ 750 ಮೀಟರ್. ಕಾಗೆಗೆ 400, ಮನುಷ್ಯರಿಗೆ 750. ನಾನು ಒಂಬತ್ತು ನಿಮಿಷದಲ್ಲಿ ಹೋಗುತ್ತೇನೆ. ಅಜ್ಜಿಯ ಜೊತೆ 25 ನಿಮಿಷ ಹಿಡಿಯಿತು, ಎರಡು ಸಲ ಗೋಡೆಗೆ ಒರಗಿ ನಿಂತರು. ಅಷ್ಟು ಕಷ್ಟಪಟ್ಟು ಹತ್ತಿದ ಬಸ್ ಈಗ ಆಸ್ಪತ್ರೆಯ ಒಳಗೆ ಹೋಗುವುದೂ ಇಲ್ಲ, ಮುಖ್ಯರಸ್ತೆಯಲ್ಲೇ ಇಳಿಸುತ್ತದೆ. ನನಗೆ ಉಳಿದ ಹದಿನೈದು ನಿಮಿಷ ಯಾರ ಲೆಕ್ಕದಿಂದ ಬಂತು ಅಂತ ಆಗ ಹೊಳೆಯಿತು. ಅವತ್ತು ಕಿಟಕಿ ಸೀಟು ಸಿಕ್ಕರೂ ಕೂರಲು ಮನಸ್ಸಾಗಲಿಲ್ಲ.

ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ 2004ರ ಜುಲೈ 1ರಂದು ರೂಟುಗಳನ್ನು ಬದಲಿಸಿದಾಗ ಬಸ್ಸುಗಳಿಗೆ ನೀಲಿ, ಹಸಿರು, ಕೆಂಪು, ಹಳದಿ ಅಂತ ನಾಲ್ಕು ಬಣ್ಣ ಹಚ್ಚಿದರು. ದೂರದ್ದು ಯಾವುದು, ಬಡಾವಣೆಯೊಳಗಿನದು ಯಾವುದು ಅಂತ ನೋಡಿದ ಕೂಡಲೇ ತಿಳಿಯಲಿ ಅಂತ. ಅಲ್ಲೂ ಶುರುವಿನಲ್ಲಿ ಗೊಂದಲವೋ ಗೊಂದಲ. ನಾನು ಬಣ್ಣ ಕೇಳುತ್ತಿಲ್ಲ ಸ್ವಾಮಿ, ಒಂದು ಬೋರ್ಡು ಬಿಚ್ಚಿ ಅಂತಿದ್ದೇನೆ. ಮೂರು ಸಲ ದೂರು ಕೊಟ್ಟೆ. ಮೂರು ಸಲವೂ ‘ನಿಮ್ಮ ದೂರು ಇತ್ಯರ್ಥವಾಗಿದೆ’ ಅಂತ ಮೆಸೇಜ್ ಬಂತು. ಕಂಬ ಮಾತ್ರ ಕದಲಿಲ್ಲ.

ಕೊನೆಗೆ ನಾನೇ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ: ‘ಇಲ್ಲಿ ಬಸ್ ನಿಲ್ಲುವುದಿಲ್ಲ. ಮುಖ್ಯರಸ್ತೆಗೆ ಹೋಗಿ.’ ಮಳೆಗೆ ಅದು ಹೋಯಿತು. ಮರುವಾರ ನೋಡಿದರೆ ಅದೇ ಜಾಗದಲ್ಲಿ ಹೊಸ ಹಾಳೆ, ಪ್ಲಾಸ್ಟಿಕ್ ಕವರಿನೊಳಗೆ, ನನಗಿಂತ ಚೆಂದದ ಕೈಬರಹ. ದಾರಿಯ ನಕ್ಷೆಯನ್ನೂ ಬರೆದು, ಗೋಡೆ ಇರುವಲ್ಲಿ ಬಾಣದ ಗುರುತು ಹಾಕಿದ್ದರು. ಯಾರು ಅಂತ ಗೊತ್ತಿಲ್ಲ. ಜಂಕ್ಷನ್‌ನಲ್ಲಿ ನನ್ನ ಜೊತೆ ಓಡುವ ಇಬ್ಬರಲ್ಲಿ ಒಬ್ಬರಿರಬಹುದು ಅಂತ ಗುಮಾನಿ.

ಸದ್ಯಕ್ಕೆ ಎರಡೂವರೆ ಸ್ಟಾರ್. ಅರ್ಧ ಕೊಡಲು ಆಗಲ್ಲವಂತೆ, ಮೂರು ಒತ್ತಿದ್ದೇನೆ. ನಿಮ್ಮ ಕಡೆಯೂ ಇಂಥ ಕಂಬ ಇದ್ದರೆ ಹಾಳೆಯನ್ನು ಟೇಪಿನಲ್ಲಿ ಅಂಟಿಸಬೇಡಿ, ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ. ದಾರದಲ್ಲಿ ಕಟ್ಟಿ.