ಕೆಎಂಆರ್ ಹಾಲಿನ ಪುಡಿ ಮತ್ತು ಬಾಟಲಿ ಕಿಟ್: ಪುಡಿಗೆ ಪೂರ್ತಿ ಅಂಕ, ನಿಪ್ಪಲ್‌ಗೆ ಅರ್ಧ

ತಾಯಿಯಿಲ್ಲದ ಬೆಕ್ಕಿನ ಮರಿ ಮನೆಗೆ ಬಂದ ರಾತ್ರಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾವ ಹಾಲು ಕೊಡಲಿ? ಫಾಸ್ಟರ್ ಮಾಡುವವರ, ಅಂದರೆ ಅನಾಥ ಮರಿಗಳನ್ನು ಕೆಲವು ಕಾಲ ಮನೆಯಲ್ಲಿಟ್ಟು ಸಾಕುವವರ ಮನೆಗಳಲ್ಲಿ ಇದಕ್ಕೆ ಹೆಚ್ಚಾಗಿ ಸಿಗುವ ಉತ್ತರ ಪೆಟ್‌ಆಗ್ ಕಂಪನಿಯ ಕೆಎಂಆರ್ (ಕಿಟನ್ ಮಿಲ್ಕ್ ರಿಪ್ಲೇಸರ್), ಅಂದರೆ ತಾಯಿಬೆಕ್ಕಿನ ಹಾಲಿಗೆ ಬದಲಿಯಾಗಿ ಕೊಡುವ ಪುಡಿ. ಅದರ 340 ಗ್ರಾಂ ಪುಡಿ ಡಬ್ಬಿ, ಅದೇ ಕಂಪನಿಯ ಪುಟ್ಟ ಬಾಟಲಿ ಕಿಟ್, ಇವೆರಡರ ವಿಮರ್ಶೆ ಇದು. ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಪುಡಿಯನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಬಾಟಲಿಯನ್ನು ಹಾಗೆ ನಂಬುವಂತಿಲ್ಲ. ‘ಈ ಹಾಲು ಮರಿಗೆ ಒಗ್ಗಲಿಲ್ಲ’ ಎಂದು ಕೈಚೆಲ್ಲುವ ಬಹಳಷ್ಟು ಕಡೆ ತಪ್ಪು ಹಾಲಿನದ್ದಾಗಿರುವುದಿಲ್ಲ. ನಿಪ್ಪಲ್‌ನ ತೂತು, ಮರಿಯ ಮೈ ತಣ್ಣಗಿರುವುದು, ಕುಡಿಸುವವರ ಅವಸರ, ಈ ಮೂರರಲ್ಲಿ ಒಂದು ಕಾರಣವಾಗಿರುತ್ತದೆ.

ಡಬ್ಬಿ ಕೊಳ್ಳುವ ಮುನ್ನ ಒಂದು ಮಾತು. ಮರಿಗಳು ನಿಜವಾಗಿ ಅನಾಥವೇ ಎಂದು ನೋಡಿಕೊಳ್ಳಿ. ಆಹಾರ ಹುಡುಕಲು ಹೋದ ತಾಯಿಬೆಕ್ಕು ಗಂಟೆಗಟ್ಟಲೆ ಬಾರದೇ ಇರಬಹುದು. ಮರಿಗಳು ಬೆಚ್ಚಗೆ, ಹೊಟ್ಟೆ ತುಂಬಿ, ಸುಮ್ಮನೆ ಮಲಗಿದ್ದರೆ ದೂರ ನಿಂತು ಕಾಯಿರಿ. ಜಗತ್ತಿನ ಯಾವ ಪುಡಿಯೂ ತಾಯಿಯ ಹಾಲಿಗೆ ಸಮನಲ್ಲ.

ಪುಡಿಯಲ್ಲಿ ಏನಿದೆ

ಕೆಎಂಆರ್ ಪುಡಿಯಲ್ಲಿ ಕನಿಷ್ಠ 42% ಪ್ರೋಟೀನು, 25% ಕೊಬ್ಬು ಇರುತ್ತದೆ, ಜೊತೆಗೆ ಟಾರಿನ್ ಸೇರಿರುತ್ತದೆ. ಬೆಕ್ಕಿನ ಹೃದಯಕ್ಕೂ ಕಣ್ಣಿಗೂ ಬೇಕೇಬೇಕಾದ ಈ ಟಾರಿನ್ ಹಸುವಿನ ಹಾಲಿನಲ್ಲಿ ತೀರಾ ಕಡಿಮೆ. ನಂದಿನಿಯ ನೀಲಿ ಪ್ಯಾಕೆಟ್‌ನ ಟೋನ್ಡ್ ಹಾಲಿನಲ್ಲಿ ಕೊಬ್ಬು 3%, ಕೊಬ್ಬಲ್ಲದ ಘನಾಂಶ 8.5%. ಮನುಷ್ಯರಿಗೆ ಒಳ್ಳೆಯ ಹಾಲೇ. ಆದರೆ ತಾಯಿಬೆಕ್ಕಿನ ಹಾಲಿನಲ್ಲಿ ಪ್ರೋಟೀನೂ ಕೊಬ್ಬೂ ಇದರ ಎರಡು ಪಟ್ಟಿಗೂ ಹೆಚ್ಚಿದ್ದು, ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಮಾತ್ರ ಕಡಿಮೆ. ಪ್ಯಾಕೆಟ್ ಹಾಲಿಗೆ ನೀರು ಬೆರೆಸಿ ಕೊಟ್ಟರಂತೂ ಇದ್ದ ಶಕ್ತಿಯೂ ತೆಳುವಾಗಿ, ಲ್ಯಾಕ್ಟೋಸ್‌ನಿಂದ ಭೇದಿ ಹತ್ತುತ್ತದೆ. ನೂರು ಗ್ರಾಮಿನ ಜೀವಕ್ಕೆ ಒಂದು ದಿನದ ಭೇದಿಯೇ ಪ್ರಾಣಕ್ಕೆ ಕುತ್ತು. ಮನುಷ್ಯರ ಶಿಶುಗಳಿಗೆ ಕೊಡುವ ಪುಡಿಯಲ್ಲೂ ಬೆಕ್ಕಿನ ಮರಿಗೆ ಬೇಕಾದಷ್ಟು ಪ್ರೋಟೀನು ಇರುವುದಿಲ್ಲ.

ಅಂಗಡಿಯಲ್ಲಿ ಡಬ್ಬಿಯ ಮೇಲಿನ ಹೆಸರನ್ನು ಓದಿಯೇ ತೆಗೆದುಕೊಳ್ಳಿ. ಇದೇ ಕಂಪನಿಯ ಎಸ್ಬಿಲಾಕ್ ನಾಯಿಮರಿಗಳಿಗೆ ಮಾಡಿದ್ದು. ಕೇಳಿದ್ದು ಇಲ್ಲದಿದ್ದಾಗ ‘ಎರಡೂ ಒಂದೇ’ ಎಂದು ಅದನ್ನೇ ಕೈಗಿಡುವವರಿದ್ದಾರೆ. ಒಂದೇ ಅಲ್ಲ. ಹಾಗೆಯೇ ‘ಬೆಕ್ಕಿಗೆ ಹಾಲು’ ಎಂದು ಸಣ್ಣ ಪೊಟ್ಟಣಗಳಲ್ಲಿ ಬರುವುದು ದೊಡ್ಡ ಬೆಕ್ಕಿಗೆ ಆಗೀಗ ಕೊಡುವ ತಿನಿಸು. ಅದರಿಂದ ಮರಿ ಬದುಕುವುದಿಲ್ಲ.

ಕಲಸುವ ಕ್ರಮ

ಅಳತೆ ಸುಲಭ: ಒಂದು ಪಾಲು ಪುಡಿಗೆ ಎರಡು ಪಾಲು ಬೆಚ್ಚನೆಯ ನೀರು. ಇದು ತೂಕದ ಲೆಕ್ಕವಲ್ಲ, ಚಮಚದ ಲೆಕ್ಕ. ತಕ್ಕಡಿಯಲ್ಲಿ ತೂಗಿ ಒಂದಕ್ಕೆರಡು ಬೆರೆಸಿದರೆ ಹಾಲು ವಿಪರೀತ ಗಟ್ಟಿಯಾಗುತ್ತದೆ. ಗಟ್ಟಿಯಾದರೆ ಮಲಬದ್ಧತೆ, ಮೈಯಲ್ಲಿ ನೀರು ಕಡಿಮೆಯಾಗುವುದು. ತೆಳುವಾದರೆ ಮರಿ ಹೊಟ್ಟೆ ತುಂಬಿದಂತೆ ಕಂಡರೂ ತೂಕ ಏರುವುದಿಲ್ಲ. ಎರಡು ವಾರವಾದರೂ ಮರಿ ಬೆಳೆಯುತ್ತಿಲ್ಲ ಎನ್ನುವವರ ಮನೆಯಲ್ಲಿ ಮೊದಲು ನೋಡಬೇಕಾದದ್ದು ಅವರ ಚಮಚವನ್ನು.

ಪುಡಿ ಬೇಗ ಗಂಟು ಕಟ್ಟುತ್ತದೆ, ಇದು ಅದರ ನಿಜವಾದ ಕೊರತೆ. ಕುದಿಸಿ ಆರಿಸಿದ ನೀರು ಉಗುರುಬೆಚ್ಚಗಿರುವಾಗ ಸ್ವಲ್ಪವೇ ಹಾಕಿ ಮೊದಲು ಪುಡಿಯನ್ನು ಗೊಜ್ಜಿನಂತೆ ಕಲಸಿ, ಆಮೇಲೆ ಉಳಿದ ನೀರು ಸೇರಿಸಿ. ಕುದಿನೀರು ಬೇಡ, ಹಾಲು ಒಡೆದಂತಾಗಿ ಪೋಷಕಾಂಶವೂ ಹಾಳು. ಬಾಟಲಿಗೆ ಹಾಕಿ ಗಲಗಲ ಕುಲುಕುವುದಂತೂ ಬೇಡವೇ ಬೇಡ. ಏಳುವ ನೊರೆಯೆಲ್ಲ ಮರಿಯ ಹೊಟ್ಟೆಗೆ ಗಾಳಿಯಾಗಿ ಹೋಗಿ ಉಬ್ಬರಿಸುತ್ತದೆ. ಫೋರ್ಕ್‌ನಿಂದ ನಿಧಾನ ಕಲಸಿ, ಚಹಾ ಸೋಸುವ ಜರಡಿಯಲ್ಲಿ ಸೋಸಿ, ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಕೆಲವು ಗಂಟೆಗಳಲ್ಲಿ ನೊರೆ ಇಳಿದು ಹಾಲು ನಯವಾಗುತ್ತದೆ. ರಾತ್ರಿಯ ಹಾಲನ್ನು ಸಂಜೆಯೇ ಕಲಸಿಡುವುದು ಜಾಣತನ. ಕಲಸಿದ ಹಾಲಿನ ಆಯಸ್ಸು ಫ್ರಿಜ್‌ನಲ್ಲಿ 24 ಗಂಟೆ, ಅಷ್ಟೇ. ಮರಿ ಬಾಯಿಟ್ಟ ಬಾಟಲಿಯಲ್ಲಿ ಉಳಿದದ್ದನ್ನು ಚೆಲ್ಲಿಬಿಡಿ. ಬೆಲೆ ನೋಡಿ ಮನಸ್ಸು ಬಾರದಿದ್ದರೂ ಚೆಲ್ಲಲೇಬೇಕು.

ಕುಡಿಸುವಾಗ ಹಾಲು ಸುಮಾರು 38 ಡಿಗ್ರಿ ಇರಬೇಕು. ಲೋಟದ ಬಿಸಿನೀರಿನಲ್ಲಿ ಬಾಟಲಿ ನಿಲ್ಲಿಸಿ ಕಾಯಿಸಿ, ಮುಂಗೈ ಒಳಬದಿಗೆ ಒಂದು ಹನಿ ಬಿಟ್ಟು ನೋಡಿ. ಮೈಕ್ರೋವೇವ್‌ನಲ್ಲಿ ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಬಾಯಿ ಸುಡುವಷ್ಟು ಬಿಸಿಯಾಗುತ್ತದೆ.

ಎಷ್ಟು, ಎಷ್ಟು ಹೊತ್ತಿಗೆ

ಡಬ್ಬಿಯ ಮೇಲಿನ ಲೆಕ್ಕದ ಪ್ರಕಾರ 115 ಗ್ರಾಂ ತೂಕಕ್ಕೆ ದಿನಕ್ಕೆ ಸುಮಾರು 30 ಮಿಲಿ. ನೂರು ಗ್ರಾಮಿನ ಮರಿಗೆ ಇದು 26 ಮಿಲಿ ಆಗುತ್ತದೆ. ಇಂತಹ ಮರಿಯ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಯುವುದು 4 ಮಿಲಿ ಮಾತ್ರ. ಹಾಗಾಗಿ ದಿನಕ್ಕೆ ಎಂಟು ಸಲವಾದರೂ ಕೊಡಬೇಕು: ಎಂಟು ಸಲವಾದರೆ ಪ್ರತಿ ಸಲ ಮೂರು ಮಿಲಿ ಚಿಲ್ಲರೆ, ಹನ್ನೆರಡು ಸಲವಾದರೆ ಎರಡು ಮಿಲಿ ಚಿಲ್ಲರೆ. ಮೊದಲ ವಾರ ಎರಡು ಗಂಟೆಗೊಮ್ಮೆ, ಎರಡನೇ ವಾರ ಮೂರು ಗಂಟೆಗೊಮ್ಮೆ, ಮೂರನೇ ವಾರ ನಾಲ್ಕು ಗಂಟೆಗೊಮ್ಮೆ. ‘ರಾತ್ರಿ ಏಳಲಾಗುವುದಿಲ್ಲ, ಮಲಗುವಾಗ ಜಾಸ್ತಿ ಕುಡಿಸುತ್ತೇನೆ’ ಎನ್ನುವುದು ಅಪಾಯದ ಉಪಾಯ. ಹೆಚ್ಚಾದದ್ದು ಶ್ವಾಸಕೋಶಕ್ಕೆ ನುಗ್ಗುತ್ತದೆ, ಇಲ್ಲವೇ ಭೇದಿಯಾಗಿ ಹೊರಬರುತ್ತದೆ.

ಎಲ್ಲಕ್ಕೂ ಸಾಕ್ಷಿ ತೂಕ. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಈ ಕೆಲಸಕ್ಕೆ ಬಾಟಲಿಯಷ್ಟೇ ಮುಖ್ಯ. ಹುಟ್ಟಿದಾಗ ನೂರು ಗ್ರಾಂ ಆಸುಪಾಸು ಇರುವ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ದಿನವೂ ಒಂದೇ ಹೊತ್ತಿಗೆ, ಹಾಲು ಕೊಡುವ ಮೊದಲು ತೂಗಿ ಬರೆದಿಡಿ. ಒಂದು ದಿನ ತೂಕ ನಿಂತರೆ ಕಣ್ಣಿಡಿ, ಇಳಿದರೆ ಅಂದೇ ಪಶುವೈದ್ಯರ ಬಳಿ ಒಯ್ಯಿರಿ. ಮರಿ ಸೊರಗಿದ್ದು ಕಣ್ಣಿಗೆ ಕಾಣುವ ಹೊತ್ತಿಗೆ ತಕ್ಕಡಿ ಅದನ್ನು ಒಂದು ದಿನ ಮುಂಚೆಯೇ ಹೇಳಿರುತ್ತದೆ.

ಬಾಟಲಿ: ಇಲ್ಲೇ ತೊಡಕು

ಕಿಟ್‌ನಲ್ಲಿ ಸುಮಾರು 60 ಮಿಲಿಯ ಬಾಟಲಿ, ನಿಪ್ಪಲ್‌ಗಳು, ತೊಳೆಯುವ ಪುಟ್ಟ ಬ್ರಷ್ ಬರುತ್ತವೆ. ನಿಪ್ಪಲ್‌ಗೆ ತೂತು ಇರುವುದಿಲ್ಲ, ನಾವೇ ಮಾಡಿಕೊಳ್ಳಬೇಕು. ಇದು ತಿಳಿಯದೆ ಮರಿ ಹಾಲು ಎಳೆಯುತ್ತಿಲ್ಲ ಎಂದು ಗಾಬರಿಯಾಗುವವರು ಒಂದು ಕಡೆ, ಕತ್ತರಿಯಿಂದ ತುದಿಯನ್ನೇ ಕತ್ತರಿಸುವವರು ಇನ್ನೊಂದು ಕಡೆ. ಎರಡನೆಯದು ಮರಿಯನ್ನು ಕೊಲ್ಲುತ್ತದೆ. ಸೂಜಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ತುದಿಯಲ್ಲಿ ಚುಚ್ಚಿ, ಹಿಂದಕ್ಕೆ ಎಳೆಯಿರಿ. ಹಾಲು ತುಂಬಿ ಬಾಟಲಿಯನ್ನು ತಲೆಕೆಳಗು ಹಿಡಿದರೆ ಒತ್ತದೆಯೇ ಒಂದೊಂದೇ ಹನಿ ನಿಧಾನವಾಗಿ ತೊಟ್ಟಿಕ್ಕಬೇಕು. ಏನೂ ಬಾರದಿದ್ದರೆ ಮತ್ತೊಮ್ಮೆ ಚುಚ್ಚಿ. ಧಾರೆಯಾಗಿ ಬಂದರೆ ಆ ನಿಪ್ಪಲ್ ಕಸದ ಬುಟ್ಟಿಗೆ. ‘ನಿಧಾನ ಹಿಡಿದರಾಯಿತು’ ಎಂದು ಅದನ್ನು ಇಟ್ಟುಕೊಳ್ಳಬೇಡಿ, ಮುಂಜಾನೆ ಮೂರು ಗಂಟೆಗೆ ಯಾರ ಕೈಯೂ ಅಷ್ಟು ಎಚ್ಚರವಾಗಿರುವುದಿಲ್ಲ.

ಎರಡನೆಯ ತೊಂದರೆ ಗಾತ್ರ. ಮೊದಲ ಹತ್ತು ದಿನದ ಮರಿಯ ಬಾಯಿಗೆ ಈ ನಿಪ್ಪಲ್ ದಪ್ಪವಾಯಿತು. ಬಾಟಲಿಯ ಗೆರೆಗಳಲ್ಲಿ ಮೂರು ಮಿಲಿ, ಮೂರೂವರೆ ಮಿಲಿ ಎಂದು ಓದುವುದೂ ಕಷ್ಟ. ಆ ಹತ್ತು ದಿನಕ್ಕೆ ನಮ್ಮ ಶಿಫಾರಸು 3 ಅಥವಾ 5 ಮಿಲಿ ಸಿರಿಂಜಿನ ತುದಿಗೆ ಸಿಕ್ಕಿಸುವ ಮಿರಾಕಲ್ ನಿಪ್ಪಲ್, ಅದರಲ್ಲೂ ‘ಮಿನಿ’ ಎಂಬ ಚಿಕ್ಕ ಅಳತೆಯದು. ಔಷಧಿ ಅಂಗಡಿಯಲ್ಲಿ ಸಿರಿಂಜು ಕೇಳುವಾಗ ತಿರುಪು ಇಲ್ಲದ, ನುಣುಪು ತುದಿಯದ್ದನ್ನು ಕೇಳಿ, ತಿರುಪಿನ ತುದಿಗೆ ಇದು ಕೂರುವುದಿಲ್ಲ. ಮಾಮೂಲಿ ಸಿರಿಂಜಿನ ಕಪ್ಪು ರಬ್ಬರು ನಾಲ್ಕಾರು ಸಲ ತೊಳೆದ ಮೇಲೆ ಬಿಗಿಯುತ್ತದೆ. ಆಗ ಒತ್ತಿದರೆ ಮೊದಲು ಅಲುಗದೆ, ಆಮೇಲೆ ಒಮ್ಮೆಲೇ ಒಂದು ಮಿಲಿ ಗಂಟಲಿಗೆ ನುಗ್ಗುತ್ತದೆ. ಬಿಗಿ ಕಂಡೊಡನೆ ಬದಲಾಯಿಸಿ, ಸಿರಿಂಜು ಅಗ್ಗ.

ಸಾಧನ ಯಾವುದೇ ಆಗಲಿ, ಮರಿಯನ್ನು ಮನುಷ್ಯರ ಕೂಸಿನಂತೆ ಅಂಗಾತ ಮಲಗಿಸಿ ಕುಡಿಸಬಾರದು. ಹೊಟ್ಟೆ ಕೆಳಗಾಗಿ, ಟವೆಲ್ ಮೇಲೆ, ತಾಯಿಯ ಹೊಟ್ಟೆಗೆ ಬಾಯಿಟ್ಟು ಮಲಗುವ ಹಾಗೆಯೇ ಇರಲಿ, ತಲೆ ಸ್ವಲ್ಪ ಮಾತ್ರ ಮೇಲಕ್ಕೆ. ಮರಿ ಚೀಪಿ ಎಳೆಯಬೇಕು, ನಾವು ಒತ್ತಬಾರದು. ಬಾಟಲಿ ಒಳಗೆ ಕುಗ್ಗಿ ಹಾಲು ನಿಂತರೆ ಮುಚ್ಚಳವನ್ನು ಒಂದಿಷ್ಟು ಸಡಿಲಿಸಿ ಗಾಳಿ ಬಿಡಿ. ಮೂಗಿನಲ್ಲಿ ಹಾಲಿನ ಗುಳ್ಳೆ ಕಂಡ ಕ್ಷಣ ನಿಲ್ಲಿಸಿ, ತಲೆ ತಗ್ಗಿಸಿ, ಮೂಗು ಒರೆಸಿ. ಆಮೇಲೆ ಉಸಿರಿನಲ್ಲಿ ಗೊರಗೊರ ಸದ್ದು ಬಂದರೆ, ಬಾಯಿ ತೆರೆದು ಉಸಿರಾಡಿದರೆ ನ್ಯುಮೋನಿಯಾ ಇರಬಹುದು, ಬೆಳಗಾಗಲಿ ಎಂದು ಕಾಯಬೇಡಿ. ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಕೆಳಭಾಗ ಮೆಲ್ಲಗೆ ಉಜ್ಜಿ ಮೂತ್ರ, ಮಲ ಮಾಡಿಸಬೇಕು. ಮೂರು ವಾರದವರೆಗೆ ಮರಿಗೆ ಅದು ತಾನಾಗಿ ಬರುವುದಿಲ್ಲ.

ಮೂರು ವಾರ ದಾಟಿದರೆ ಹಲ್ಲು ಬರುತ್ತದೆ. ಅಲ್ಲಿಂದ ಮುಂದೆ ಪ್ರತಿ ಸಲವೂ ನಿಪ್ಪಲ್ ಎಳೆದು ನೋಡಿ. ಕಚ್ಚಿ ಸೀಳಿದ ತುದಿ ಹೊಟ್ಟೆಗೆ ಹೋದರೆ ಕರುಳು ಕಟ್ಟಿಕೊಳ್ಳಬಹುದು.

ಹಾಲಿಗಿಂತ ಮೊದಲು ಶಾಖ

ಇದನ್ನು ಯಾವ ಡಬ್ಬಿಯೂ ದಪ್ಪಕ್ಷರದಲ್ಲಿ ಹೇಳುವುದಿಲ್ಲ, ಹೇಳಬೇಕಿತ್ತು. ಮೈ ತಣ್ಣಗಿರುವ ಮರಿಗೆ ಹಾಲು ಕೊಡಬಾರದು. ದೇಹದ ಉಷ್ಣತೆ 35 ಡಿಗ್ರಿಗಿಂತ ಕೆಳಗಿದ್ದರೆ ಕರುಳು ಕೆಲಸ ನಿಲ್ಲಿಸಿರುತ್ತದೆ, ಕೊಟ್ಟ ಹಾಲು ಹೊಟ್ಟೆಯಲ್ಲೇ ಹುಳಿಯುತ್ತದೆ. ಮೊದಲು ಬೆಚ್ಚಗೆ ಮಾಡಿ, ಅದೂ ನಿಧಾನವಾಗಿ, ಒಂದೆರಡು ಗಂಟೆಯಲ್ಲಿ. ಬಾಯೊಳಗೆ ಬೆರಳಿಟ್ಟರೆ ಬೆಚ್ಚಗಿರಬೇಕು, ಮರಿ ಚೀಪಲು ನೋಡಬೇಕು. ಹಾಲಿನ ಮಾತು ಅನಂತರ.

ಮೊದಲ ವಾರ ಗೂಡಿನೊಳಗೆ 29ರಿಂದ 32 ಡಿಗ್ರಿ ಬೇಕು. ಡಿಸೆಂಬರ್ ರಾತ್ರಿ ಬೆಂಗಳೂರಿನಲ್ಲಿ ಹೊರಗೆ 15-16 ಡಿಗ್ರಿ ಇರುವಾಗ ರಟ್ಟಿನ ಡಬ್ಬಕ್ಕೆ ಹಳೆ ಬಟ್ಟೆ ಹಾಕಿದರೆ ಸಾಲದು. ಕರೆಂಟಿನ ಹೀಟಿಂಗ್ ಪ್ಯಾಡ್‌ಗಿಂತ ರಬ್ಬರಿನ ಬಿಸಿನೀರಿನ ಚೀಲವೇ ನಮಗೆ ಮೆಚ್ಚು, ಕರೆಂಟು ಹೋದರೂ ಕೆಲಸ ಮಾಡುತ್ತದೆ. ಟವೆಲ್ ಎರಡು ಸುತ್ತು ಸುತ್ತಿ ಡಬ್ಬದ ಅರ್ಧ ಭಾಗಕ್ಕಷ್ಟೇ ಇಡಿ. ಸೆಕೆಯಾದರೆ ಮರಿ ತೆವಳಿಕೊಂಡು ಇನ್ನರ್ಧಕ್ಕೆ ಹೋಗಲು ಜಾಗ ಇರಲೇಬೇಕು. ನೀರು ಆರಿದ ಚೀಲ ಮರಿಯ ಮೈಯ ಶಾಖವನ್ನೇ ಹೀರುತ್ತದೆ, ಹಾಗಾಗಿ ಹಾಲಿನ ಹೊತ್ತಿಗೆಲ್ಲ ಚೀಲವನ್ನೂ ಮುಟ್ಟಿ ನೋಡಿ.

ರಾಯಲ್ ಕ್ಯಾನಿನ್ ಪುಡಿಯ ಜೊತೆ ಹೋಲಿಸಿದರೆ

ಕೆಎಂಆರ್ ಸಿಗದಿದ್ದಾಗ ರಾಯಲ್ ಕ್ಯಾನಿನ್‌ನ ಬೇಬಿಕ್ಯಾಟ್ ಮಿಲ್ಕ್ ಒಳ್ಳೆಯ ಬದಲಿ. ಕೊಬ್ಬಿನ ಪಾಲು ಅದರಲ್ಲಿ ಹೆಚ್ಚು. 300 ಗ್ರಾಂ ಪೆಟ್ಟಿಗೆಯೊಳಗೆ ನೂರು ನೂರು ಗ್ರಾಮಿನ ಮೂರು ಪೊಟ್ಟಣಗಳಿದ್ದು, ಬಾಟಲಿ, ನಿಪ್ಪಲ್‌ಗಳೂ ಜೊತೆಗೇ ಬರುತ್ತವೆ. ಈ ಮೂರು ಪೊಟ್ಟಣದ ಏರ್ಪಾಡು ಕರಾವಳಿಯವರಿಗೆ, ಮಲೆನಾಡಿನವರಿಗೆ ನಿಜವಾದ ಅನುಕೂಲ. ಮಂಗಳೂರಿನ ಮಳೆಗಾಲದಲ್ಲಿ ತೆರೆದ ಡಬ್ಬಿಯ ಪುಡಿ ತೇವ ಹೀರಿ ಕಲ್ಲಾಗುತ್ತದೆ, ಇಲ್ಲಿ ಒಂದು ಪೊಟ್ಟಣ ಮುಗಿಯುವವರೆಗೆ ಇನ್ನೆರಡು ಮುಚ್ಚಿಯೇ ಇರುತ್ತವೆ. ಎರಡರ ಅಳತೆ ಬೇರೆ ಬೇರೆ, ಒಂದರ ಚಮಚ ಇನ್ನೊಂದಕ್ಕೆ ಬಳಸಬೇಡಿ. ಬದಲಾಯಿಸುವುದಾದರೆ ಎರಡು-ಮೂರು ದಿನ ಬೆರೆಸಿ ಕೊಡುತ್ತ ಬದಲಾಯಿಸಿ.

ಕೆಎಂಆರ್ ಡಬ್ಬಿಯನ್ನು ತೆರೆದ ಮೇಲೆ ಫ್ರಿಜ್‌ನಲ್ಲಿ ಮೂರು ತಿಂಗಳು, ಫ್ರೀಜರ್‌ನಲ್ಲಿ ಆರು ತಿಂಗಳು ಇಡಬಹುದು. ತೆರೆದ ದಿನಾಂಕವನ್ನು ಮುಚ್ಚಳದ ಮೇಲೆ ಬರೆಯಿರಿ. ಹಳದಿ ತಿರುಗಿದ, ಹಳೆ ಎಣ್ಣೆಯ ವಾಸನೆ ಬರುವ ಪುಡಿ ಬೇಡ. ಆಮದು ಮಾಲಾದ್ದರಿಂದ ಬೆಲೆ ದುಬಾರಿ, ಅಂಗಡಿಯಿಂದ ಅಂಗಡಿಗೆ ವ್ಯತ್ಯಾಸವೂ ಇದೆ. ಬೆಲೆ ತುಂಬ ಇಳಿಸಿ ಕೊಟ್ಟಿದ್ದರೆ ಮೊದಲು ಅವಧಿ ಮುಗಿಯುವ ತಾರೀಖು ನೋಡಿ. ಹುಟ್ಟಿದಂದಿನಿಂದ ನಾಲ್ಕು ವಾರದವರೆಗೆ ಒಂದು ಮರಿಗೆ ಸರಿಸುಮಾರು ಒಂದು ಡಬ್ಬಿ ಎಂದು ಲೆಕ್ಕ ಹಾಕಿಕೊಳ್ಳಿ. ನಾಲ್ಕು ಮರಿಗಳಿದ್ದರೆ ಸಾಕಲು ಒಪ್ಪಿಕೊಳ್ಳುವ ಮೊದಲೇ ಖರ್ಚು ಎಷ್ಟೆಂದು ಪ್ರಾಣಿ ರಕ್ಷಣಾ ಸಂಸ್ಥೆಯವರೊಡನೆ ಬಿಚ್ಚಿ ಮಾತಾಡಿ, ಪುಡಿಯನ್ನು ಅವರೇ ಕೊಡಿಸುತ್ತಾರೆಯೇ ಎಂದು ಕೇಳುವುದರಲ್ಲಿ ಸಂಕೋಚವಿಲ್ಲ.

ನಾಲ್ಕನೇ ವಾರದ ನಂತರ ಉಳಿದ ಪುಡಿ ದಂಡವಲ್ಲ. ಮರಿಗಳ ಮೆತ್ತನೆಯ ಆಹಾರಕ್ಕೆ ಇದೇ ಹಾಲು ಬೆರೆಸಿ ಗಂಜಿಯಂತೆ ಮಾಡಿ ಚಪ್ಪಟೆ ತಟ್ಟೆಯಲ್ಲಿಟ್ಟರೆ ಪರಿಚಿತ ವಾಸನೆಗೆ ಬಾಯಿಡುತ್ತವೆ. ಹಾಲಿನ ಪಾಲನ್ನು ದಿನದಿನಕ್ಕೆ ಇಳಿಸುತ್ತ ಬನ್ನಿ.

ಬಾಟಲಿಯನ್ನು ಮುಂದಿನ ಮರಿಗಳಿಗೆ ಇಟ್ಟುಕೊಳ್ಳುವವರು ಬೆಕ್ಕಿನ ಮರಿಗಳಿಗೆ ಮಾರಕವಾದ, ಒಂದರಿಂದ ಒಂದಕ್ಕೆ ಹರಡುವ ಪ್ಯಾನ್‌ಲ್ಯೂಕೋಪೀನಿಯಾ ವೈರಸ್ಸನ್ನು ಮರೆಯಬಾರದು. ಸಾಮಾನ್ಯ ಸೋಪಿಗೆ ಅದು ಸಾಯುವುದಿಲ್ಲ. ಜಿಡ್ಡು ಹೋಗುವಂತೆ ತೊಳೆದು, ಒಂದು ಪಾಲು ಬ್ಲೀಚಿಗೆ 32 ಪಾಲು ನೀರಿನ ದ್ರಾವಣದಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟು, ಚೆನ್ನಾಗಿ ಜಾಲಿಸಿ ಒಣಗಿಸಿ. ಫಿನೈಲು, ಡೆಟಾಲ್ ಬೆಕ್ಕಿನ ಹತ್ತಿರಕ್ಕೇ ತರಬೇಡಿ, ಬೆಕ್ಕಿನ ಪಿತ್ತಜನಕಾಂಗಕ್ಕೆ ಅವನ್ನು ಕರಗಿಸುವ ಶಕ್ತಿ ಇಲ್ಲ. ನಿಪ್ಪಲ್, ಸಿರಿಂಜುಗಳನ್ನು ಮಾತ್ರ ಪ್ರತಿ ಹೊಸ ಮರಿಗಳಿಗೆ ಹೊಸದಾಗಿಯೇ ಕೊಳ್ಳಿ.